ಮೆಂಬರ್ ಲೈಟು

ನನ್ನ ಮೊಬೈಲಿನಲ್ಲಿ ಹೆಸರುಗಳಿಗಿಂತ ಕೆಲಸಗಳೇ ಜಾಸ್ತಿ. ‘ತೆಂಗಿನಕಾಯಿ ಕೊಯ್ಯುವವರು’, ‘ಗ್ಯಾಸ್’, ‘ಅಂಗಳದ ಹುಲ್ಲು’, ‘ನೀರು ಬಿಡುವವರು’. ಇವರಿಗೆಲ್ಲ ಅಪ್ಪ ಅಮ್ಮ ಇಟ್ಟ ಚಂದದ ಹೆಸರು ಇದ್ದೇ ಇರುತ್ತದೆ. ಆದರೆ ನೆಂಟರು ಬಂದ ದಿನ ಗ್ಯಾಸ್ ಮುಗಿದಾಗ ಹೆಸರು ಯಾರಿಗೆ ನೆನಪಾಗುತ್ತದೆ? ಇದೇ ಸಾಲಿನಲ್ಲಿ ‘ಮೆಂಬರ್ ಲೈಟು’ ಅಂತ ಒಂದು ನಂಬರ್ ಉಂಟು. ನಮ್ಮ ವಾರ್ಡಿನ ಮೆಂಬರರದ್ದು. ಮೊದಲ ಸಲ ಫೋನ್ ಮಾಡಿದ್ದು ಬೀದಿದೀಪದ ವಿಷಯಕ್ಕೆ, ಆ ಹೆಸರೇ ಉಳಿಯಿತು. ಆಮೇಲೆ ನೀರು, ಚರಂಡಿ, ಬೀದಿನಾಯಿ, ರಸ್ತೆಗೆ ಬಾಗಿದ ಮರ ಅಂತ ಎಷ್ಟೋ ಸಲ ಮಾಡಿದ್ದೇನೆ. ಅವರು ಇವತ್ತಿಗೂ ನನಗೆ ಲೈಟೇ.

ಮೊನ್ನೆ ಪುನಃ ಲೈಟು ಹೋಯಿತು. ಊರು ಯಾವುದು ಅಂತ ಹೇಳುವುದಿಲ್ಲ. ಮಂಗಳೂರೋ ಉಡುಪಿಯೋ, ನೀವೇ ಒಂದು ಅಂದುಕೊಳ್ಳಿ. ಹೇಳಿದರೆ ಉಳಿದ ಲೈಟೂ ಹೋದೀತು ಅಂತ ಹೆದರಿಕೆ. ನಮ್ಮ ಓಣಿಯ ತಿರುವಿನಲ್ಲಿ ಒಂದೇ ಕಂಬ, ಅದರ ಬುಡದಲ್ಲೇ ಮಳೆನೀರು ಹರಿಯುವ ತೋಡು. ಲೈಟಿಲ್ಲದ ರಾತ್ರಿ ದಾರಿ ಎಲ್ಲಿ ಮುಗಿಯಿತು, ತೋಡು ಎಲ್ಲಿ ಶುರುವಾಯಿತು ಅಂತ ಕಾಲಿಗೇ ಗೊತ್ತಾಗಬೇಕು. ಅಭ್ಯಾಸ ನೋಡಿ, ಯೋಚನೆಯೇ ಮಾಡದೆ ‘ಮೆಂಬರ್ ಲೈಟು’ ಒತ್ತಿದೆ.

“ಅಕ್ಕ, ನಾನೀಗ ಮೆಂಬರ್ ಅಲ್ಲ. ಟರ್ಮ್ ಮುಗಿದಾಯ್ತಲ್ಲ” ಅಂದರು.

“ಹೌದಾ! ಹಾಗಾದ್ರೆ ಈಗ ಯಾರು?”

“ಯಾರೂ ಇಲ್ಲ.”

ಸ್ವಲ್ಪ ಹೊತ್ತು ಎರಡೂ ಕಡೆ ಮಾತಿಲ್ಲ. ಆಮೇಲೆ ಅವರೇ, “ಕಂಬದ ನಂಬರ್ ಹೇಳಿ, ನೋಡುವ” ಅಂದರು.

ಈ ‘ಯಾರೂ ಇಲ್ಲ’ ನಮ್ಮ ಕಡೆಗೆ ಹೊಸದೇನಲ್ಲ. ಮಂಗಳೂರು ಮಹಾನಗರ ಪಾಲಿಕೆಯಲ್ಲಿ 60 ವಾರ್ಡು. 2013ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಗೆದ್ದವರಿಗೆ ಹಾರ ಬಿತ್ತು, ಪಟಾಕಿ ಸಿಡಿಯಿತು. ಮೇಯರ್ ಕುರ್ಚಿಯಲ್ಲಿ ಒಬ್ಬರು ಕುಳಿತದ್ದು ಮಾತ್ರ 2014ರ ಮಾರ್ಚ್‌ನಲ್ಲಿ. ಮೇಯರ್ ಸ್ಥಾನ ಯಾವ ವರ್ಗಕ್ಕೆ ಮೀಸಲು ಅನ್ನುವುದು ಇತ್ಯರ್ಥ ಆಗಲಿಕ್ಕೆ ಅಷ್ಟು ಸಮಯ ಬೇಕಾಯಿತು. ಒಂದು ವರ್ಷ ಗೆದ್ದವರು ಬರೀ ಗೆದ್ದವರಾಗಿಯೇ ಇದ್ದರು. ಸಂವಿಧಾನದ ಲೆಕ್ಕದಲ್ಲಿ ಐದು ವರ್ಷದ ಅವಧಿ ಶುರುವಾಗುವುದು ಗೆದ್ದ ದಿನದಿಂದ ಅಲ್ಲ, ಮೊದಲ ಸಭೆ ನಡೆದ ದಿನದಿಂದ. ಹಾಗಾಗಿ ಆ ಪರಿಷತ್ತು 2019ರ ಮಾರ್ಚ್‌ವರೆಗೆ ನಡೆಯಿತು. ಮುಂದಿನ ಚುನಾವಣೆ ಅದೇ ವರ್ಷ ನವೆಂಬರ್‌ನಲ್ಲಿ, ಮೇಯರ್ ಬಂದದ್ದು 2020ರ ಫೆಬ್ರವರಿ ಕೊನೆಗೆ. ಆ ಐದು ವರ್ಷ 2025ರ ಫೆಬ್ರವರಿಯಲ್ಲಿ ಮುಗಿಯಿತು. ಕುರ್ಚಿಗಳು ಪುನಃ ಖಾಲಿಯಾದವು.

ಉಡುಪಿ ಇದಕ್ಕಿಂತ ತಾಳ್ಮೆಯ ಊರು. ನಗರಸಭೆಯ 35 ವಾರ್ಡಿಗೆ 2018ರ ಆಗಸ್ಟ್ ಕೊನೆಯಲ್ಲಿ ಮತದಾನ. ಅಧ್ಯಕ್ಷರು ಸಿಕ್ಕಿದ್ದು 2020ರ ಕೊನೆಗೆ. ನಡುವೆ ಎರಡು ವರ್ಷ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿತ್ತು. ನಿಶ್ಚಿತಾರ್ಥ ಆಗಿ ಎರಡು ವರ್ಷ ಮುಹೂರ್ತವೇ ಕೂಡಿ ಬರದಿದ್ದರೆ ಹೇಗೆ? ಹುಡುಗ ಮನೆಗೆ ಬಂದರೆ ಅಳಿಯ ಅಂತ ಕೈಕಾಲು ತೊಳೆಯಲಿಕ್ಕೆ ನೀರು ಕೊಡುವುದೋ, ನೆಂಟ ಅಂತ ಬರೀ ಕಾಫಿ ಕೊಡುವುದೋ? ಆ ಮೆಂಬರುಗಳ ಪಾಡೂ ಅದೇ ಆಗಿತ್ತು. ಮೊದಲ ಅಧ್ಯಕ್ಷರ 30 ತಿಂಗಳ ಅವಧಿ 2023ರಲ್ಲಿ ಮುಗಿದ ಮೇಲೆ ಇನ್ನೊಮ್ಮೆ ಅದೇ ಕತೆ. ಎರಡನೆಯವರು ಬರುವಾಗ 2024ರ ಆಗಸ್ಟ್.

ಮೆಂಬರು ಇಲ್ಲದಿದ್ದರೆ ಊರಿಗೆ ಎಂತ ಆಗುತ್ತದೆ? ನಿಜ ಹೇಳಬೇಕೆಂದರೆ ಎಂತದೂ ಆಗುವುದಿಲ್ಲ. ತುಂಬೆಯ ಅಣೆಕಟ್ಟಿನಿಂದ ಮಂಗಳೂರಿಗೆ ನೀರು ಬರುತ್ತದೆ. ಬೆಳಗ್ಗೆ ಕಸದ ಗಾಡಿ ತನ್ನ ಹಾಡು ಹಾಕಿಕೊಂಡು ಬರುತ್ತದೆ. ಏಪ್ರಿಲ್‌ನಲ್ಲಿ ಮನೆತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ, ಅದಕ್ಕೆ ಮೇಯರ್ ಇರಲೇಬೇಕು ಅಂತಿಲ್ಲ. ಜಿಲ್ಲಾಧಿಕಾರಿಯಂಥ ದೊಡ್ಡ ಅಧಿಕಾರಿಯೊಬ್ಬರು ಆಡಳಿತಾಧಿಕಾರಿ ಅಂತ ಬರುತ್ತಾರೆ. ಅರವತ್ತು ಜನ ಕೂತು ಕೈ ಎತ್ತಬೇಕಾದ ವಿಷಯಕ್ಕೆ ಅವರೊಬ್ಬರ ಸಹಿ ಸಾಕು. ಕಡತ ಕೆಳಗಿನಿಂದ ಮೇಲೆ ಹೋಗುತ್ತದೆ, ಮೇಲಿನಿಂದ ಕೆಳಗೆ ಬರುತ್ತದೆ. ನಡುವೆ ಯಾರೂ ಎದ್ದು ನಿಂತು “ಒಂದು ನಿಮಿಷ ಸರ್” ಅನ್ನುವುದಿಲ್ಲ.

ಆ ‘ಒಂದು ನಿಮಿಷ’ ಎಂತದು ಅಂತ ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಮಳೆಗಾಲಕ್ಕೆ ಮೊದಲು ನಮ್ಮ ತೋಡಿನ ಹೂಳು ತೆಗೆಸಿ ಅಂತ ಮನವಿ ಕೊಡಲಿಕ್ಕೆ ನಾವು ನಾಲ್ಕು ಹೆಂಗಸರು ಹೋಗಿದ್ದೆವು. ಹೋದ ದಿನವೇ ಮೆಂಬರುಗಳ ಸಾಮಾನ್ಯ ಸಭೆ. ಹಿಂದುಗಡೆ ನೋಡುವವರಿಗೆ ಅಂತ ಬೆಂಚು ಹಾಕಿದ್ದರು. ಹೇಗೂ ಬಂದಾಗಿದೆ, ಫ್ಯಾನ್ ಬೇರೆ ಉಂಟು, ಕೂತೆವು. ಪಕ್ಕದಲ್ಲಿದ್ದ ಪತ್ರಿಕೆಯ ಹುಡುಗ ತನ್ನ ಅಜೆಂಡಾವನ್ನು ನನ್ನ ಕೈಗೆ ಕೊಟ್ಟ. ಮದುವೆಯ ಊಟಕ್ಕೆ ಕುಳಿತಾಗ ಮೆನು ಸಿಕ್ಕಿದ ಹಾಗಾಯಿತು. ಪಿನ್ ಹೊಡೆದ ದಪ್ಪ ಕಟ್ಟು. ಮೊದಲ ಪುಟದಲ್ಲಿ ‘ಹಿಂದಿನ ಸಭೆಯ ನಡಾವಳಿಗಳನ್ನು ಸ್ಥಿರೀಕರಿಸುವ ಬಗ್ಗೆ’. ಹೋದ ತಿಂಗಳು ಹೇಳಿದ್ದನ್ನು ನಾವು ಹೇಳಿದ್ದು ಹೌದು ಅಂತ ಈ ತಿಂಗಳು ಒಪ್ಪಿಕೊಳ್ಳುವುದು. ಮನೆಯಲ್ಲೂ ಇದೊಂದು ಇದ್ದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು!

ಒಳಗೆ ಅಂಗಡಿ ಕೋಣೆಗಳ ಬಾಡಿಗೆ, ಉದ್ದಿಮೆ ಪರವಾನಗಿ, ಪಾರ್ಕಿಂಗ್ ಗುತ್ತಿಗೆ, ಪಂಪು ರಿಪೇರಿ. ಪ್ರತಿ ಎರಡು ಸಾಲಿಗೊಮ್ಮೆ ಒಂದು ಮಾತು ಬರುತ್ತಿತ್ತು: ‘ಘಟನೋತ್ತರ ಮಂಜೂರಾತಿ’. ಎಷ್ಟು ಗಂಭೀರವಾದ ಮಾತು ಅಂದುಕೊಂಡೆ. ಹುಡುಗ ಅರ್ಥ ಬಿಡಿಸಿದ, “ಕೆಲಸ ಮಾಡಿ ಆಗಿದೆ ಅಕ್ಕ, ಈಗ ಒಪ್ಪಿಗೆ ಕೇಳುವುದು.” ಓ, ಇದಾ? ಇದು ನನಗೆ ಮದುವೆಯಾದ ದಿನದಿಂದ ಗೊತ್ತು. ನಮ್ಮವರು ಮೂರು ಹಲಸಿನಹಣ್ಣು ರಿಕ್ಷಾದಲ್ಲಿ ಇಟ್ಟುಕೊಂಡು ಗೇಟಿನ ಹತ್ತಿರ ನಿಂತು, “ಹಲಸು ತರುವುದಾ?” ಅಂತ ಫೋನ್ ಮಾಡುವ ಜಾತಿ. ಆ ಮೂರರಲ್ಲಿ ಎರಡನ್ನು ನಾನು ಷರತ್ತಿಗೆ ಒಳಪಟ್ಟು ಮಂಜೂರು ಮಾಡಿದ್ದೆ. ಒಂದು ಆಚೆಮನೆಗೆ ಹೋಯಿತು.

ಸಭೆಯಲ್ಲಿ ವಿಷಯಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಓದುವುದು, “ಮಂಜೂರು”, ಮುಂದಿನದು. ನಮ್ಮ ಸಾಲಿನಲ್ಲಿ ಒಬ್ಬರಿಗೆ ಆಗಲೇ ತೂಕಡಿಕೆ. ಅಷ್ಟರಲ್ಲಿ ನಡುವಿನ ಸಾಲಿನಿಂದ ಒಬ್ಬ ಮಹಿಳಾ ಸದಸ್ಯೆ ಎದ್ದರು. ಅಲ್ಲಿಯವರೆಗೆ ಬಾಯಿ ಬಿಟ್ಟವರಲ್ಲ. “ಒಂದು ನಿಮಿಷ ಸರ್. ಈ ಲಾರಿ ಬಾಡಿಗೆ ‘ಹಿಂದಿನಂತೆ ಮುಂದುವರಿಸುವುದು’ ಅಂತ ಉಂಟಲ್ಲ, ಇದು ಹೋದ ಸಲವೂ ಹಿಂದಿನಂತೆ, ಅದರ ಹಿಂದಿನ ಸಲವೂ ಹಿಂದಿನಂತೆ. ಈ ಹಿಂದೆ ಅನ್ನುವುದು ಶುರುವಾದದ್ದು ಯಾವಾಗ?”

ಸಭೆ ನಕ್ಕಿತು. ಅಧಿಕಾರಿ ಪುಟ ತಿರುಗಿಸಿದರು. ಇನ್ನೊಂದು ಪುಟ ತಿರುಗಿಸಿದರು. ಹಿಂದೆ ಕೂತವರೊಬ್ಬರು ಒಂದು ಚೀಟಿ ಮುಂದೆ ದಾಟಿಸಿದರು, ಅದರಲ್ಲೂ ಉತ್ತರ ಇದ್ದ ಹಾಗೆ ಕಾಣಲಿಲ್ಲ. ಇನ್ನೊಂದು ಕಡೆಯವರು ಎದ್ದರು, ಇವರ ಕಡೆಯವರೂ ಎದ್ದರು. ಅಲ್ಲಿಯವರೆಗೆ ಕನ್ನಡದಲ್ಲಿದ್ದ ಸಭೆ ಒಮ್ಮೆಲೇ ತುಳುವಿಗೆ ಇಳಿಯಿತು. ನಮ್ಮಲ್ಲಿ ದಾಖಲೆಗೆ ಕನ್ನಡ, ಜಗಳಕ್ಕೆ ತುಳು. ಕಡೆಗೆ ಆ ವಿಷಯ ಮುಂದಿನ ಸಭೆಗೆ ಹೋಯಿತು. ಸದಸ್ಯೆ ಕೂತು, ಬ್ಯಾಗಿನಿಂದ ಬಾಟಲಿ ತೆಗೆದು ನೀರು ಕುಡಿದರು. ಲಾರಿ ಬಾಡಿಗೆ ಆಮೇಲೆ ಎಂತ ಆಯಿತೋ ಗೊತ್ತಿಲ್ಲ. ಆದರೆ ಓಡುತ್ತಿದ್ದ ಒಂದು ಸಾಲು ಅಲ್ಲಿ ನಿಂತಿತಲ್ಲ, ಅದನ್ನು ನಿಲ್ಲಿಸಲಿಕ್ಕೆ ಅಲ್ವಾ ನಾವು ಬಿಸಿಲಲ್ಲಿ ಕ್ಯೂ ನಿಂತು ವೋಟು ಹಾಕಿದ್ದು?

ಹಾಗಂತ ಎಲ್ಲ ನಿಮಿಷಗಳೂ ಹೀಗೆ ಖರ್ಚಾಗುತ್ತವೆ ಅಂತಲ್ಲ. ಕೋಟಿಯ ವಿಷಯ ಚಹಾ ಬರುವುದರೊಳಗೆ ಪಾಸಾಗುತ್ತದೆ. ರಸ್ತೆಗೆ ಯಾರ ಹೆಸರು ಇಡುವುದು ಅಂತ ಬಂದರೆ ಊಟದ ಹೊತ್ತು ಮೀರುತ್ತದೆ. 2017ರಲ್ಲಿ ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯ ಹೆಸರು ಬದಲಿಸುವ ಗಲಾಟೆ ನೆನಪಿರಬಹುದು. ಇವತ್ತಿಗೂ ರಿಕ್ಷಾದವರ ಹತ್ತಿರ “ಲೈಟ್‌ಹೌಸ್ ಹಿಲ್” ಅಂದರೆ ಸಾಕು, ಬೇರೆ ಮಾತಿಲ್ಲದೆ ಮೀಟರ್ ಹಾಕುತ್ತಾರೆ.

ಅವಧಿಯ ನಡುವೆ ಖಾಲಿಯಾಗುವ ಸ್ಥಾನದ್ದು ಬೇರೆಯೇ ಲೆಕ್ಕ. ಮೆಂಬರು ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ, ಅನರ್ಹರಾದರೆ ಆ ವಾರ್ಡಿಗೆ ಮಾತ್ರ ಉಪಚುನಾವಣೆ. ಗೆದ್ದು ಬಂದವರಿಗೆ ಹೊಸದಾಗಿ ಐದು ವರ್ಷ ಸಿಗುವುದಿಲ್ಲ, ಉಳಿದಷ್ಟೇ ಅವಧಿ. ನಮ್ಮ ಎದುರುಮನೆಯ ರಿಟೈರ್ಡ್ ಮಾಸ್ಟ್ರು ಇದನ್ನು ಯಕ್ಷಗಾನದಲ್ಲಿ ವಿವರಿಸುತ್ತಾರೆ. ಮಧ್ಯರಾತ್ರಿ ಒಬ್ಬ ವೇಷಧಾರಿಗೆ ಜ್ವರ ಬಂತು. ಬದಲಿಗೆ ಇನ್ನೊಬ್ಬ ಬಣ್ಣ ಹಾಕಿ ರಂಗಸ್ಥಳಕ್ಕೆ ಬಂದ. ನಾನು ತಡವಾಗಿ ಬಂದವ, ನನಗೆ ನಾಳೆ ಮಧ್ಯಾಹ್ನದವರೆಗೆ ಕುಣಿಯಲು ಬಿಡಿ ಅಂತ ಅವನು ಕೇಳಬಹುದಾ? ಬೆಳಗ್ಗೆ ಮಂಗಳ ಹಾಡಿದ ಕೂಡಲೇ ಎಲ್ಲರ ಜೊತೆ ಅವನೂ ಕಿರೀಟ ಬಿಚ್ಚಬೇಕು. “ಈಗ ಆಟವೇ ಕಾಲಮಿತಿಯದ್ದು ಮಾರಾಯ್ರೆ, ಬಣ್ಣ ಒಣಗುವ ಮೊದಲೇ ಮಂಗಳ” ಅಂತ ಮಾಸ್ಟ್ರು ಕೊನೆಗೆ ಬೇಸರ ಮಾಡಿಕೊಳ್ಳುತ್ತಾರೆ. ಮಾತು ಪಾಲಿಕೆಯಿಂದ ಮೇಳಕ್ಕೆ ದಾಟಿದರೆ ಅವರನ್ನು ವಾಪಸು ತರುವುದು ಕಷ್ಟ.

ಸರಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರು ಅಂತ ಇನ್ನೊಂದು ಪಂಗಡ. ಇವರಿಗೆ ಸಭೆಯಲ್ಲಿ ಮಾತಾಡುವ ಹಕ್ಕು ಉಂಟು, ಮತ ಹಾಕುವ ಹಕ್ಕಿಲ್ಲ. ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಅಂತ ಹೇಳುವ ದೊಡ್ಡಪ್ಪನ ಹಾಗೆ. ಹೇಳಬಹುದು, ಸೌಟು ಮುಟ್ಟುವ ಹಾಗಿಲ್ಲ.

ನನ್ನ ಲೈಟಿನ ಕತೆಗೆ ಬರುತ್ತೇನೆ. ಮಾಜಿ ಮೆಂಬರಿಗೆ ಸುಮ್ನೆ ತೊಂದರೆ ಯಾಕೆ ಅಂತ ಮಾಸ್ಟ್ರು ಆ್ಯಪ್‌ನಲ್ಲಿ ದೂರು ದಾಖಲಿಸಿದರು. ಕಂಬದ ಫೋಟೊ ತೆಗೆದರು. ಕತ್ತಲಲ್ಲಿ ತೆಗೆದದ್ದರಿಂದ ಫೋಟೊದಲ್ಲಿ ಕಂಬ ಇರಲಿಲ್ಲ, ಬರೀ ಕಪ್ಪು. “ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?” ಅಂತ ಅದನ್ನೇ ಕಳಿಸಿದರು. ಹದಿನೈದು ಅಂಕಿಯ ಒಂದು ದೂರು ಸಂಖ್ಯೆ ಬಂತು. ಅದನ್ನು ಅವರು ಕ್ಯಾಲೆಂಡರಿನ ಮೇಲೆ, ಏಕಾದಶಿಯ ಪಕ್ಕ, ಪೆನ್ನಿನಲ್ಲಿ ಬರೆದಿಟ್ಟರು. ಮರುದಿನ ಮೆಸೇಜು: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ.’ ಕಂಬ ಕತ್ತಲಲ್ಲೇ ನಿಂತಿತ್ತು. ಮಾಸ್ಟ್ರಿಗೆ ಸಿಟ್ಟು ಬಂತು. ಆದರೆ ಆ ಸಿಟ್ಟನ್ನು ಇಳಿಸುವುದೆಲ್ಲಿ? ಆ್ಯಪ್‌ಗೆ ಬೈದರೆ ಅದಕ್ಕೆ ಬೇಜಾರಾಗುವುದಿಲ್ಲ. ಮುಂದಿನ ವರ್ಷ ವೋಟು ಕೇಳಲಿಕ್ಕೆ ಅದು ಮನೆಗೆ ಬರುವುದೂ ಇಲ್ಲ. ಮೆಂಬರಾದರೆ ಭೂತದ ನೇಮದ ದಿನವೋ ಮೀನು ಮಾರ್ಕೆಟ್ಟಿನಲ್ಲೋ ಎದುರು ಸಿಗುತ್ತಾರೆ. ಬಂಗುಡೆಯ ಚೀಲ ಹಿಡಿದುಕೊಂಡು ತಪ್ಪಿಸಿಕೊಳ್ಳಲು ನೋಡುತ್ತಾರೆ. ನಾವು ಬಿಡುವುದಿಲ್ಲ. ಅಲ್ಲಿಯೇ ನಿಂತು ಹೇಳಿದರೆ ಅರ್ಧ ಸಮಾಧಾನ ಅಲ್ಲಿಯೇ ಆಗುತ್ತದೆ, ಕೆಲಸ ಆಗದಿದ್ದರೂ.

ನಮ್ಮ ಮೆಂಬರ್, ಅಂದರೆ ಮಾಜಿ, ಅಷ್ಟರಲ್ಲಿ ಲೈನಿನ ಹುಡುಗರಿಗೆ ಫೋನ್ ಮಾಡಿದ್ದರಂತೆ. ಹುದ್ದೆ ಹೋದರೂ ಅವರ ನಂಬರುಗಳು ಇವರ ಮೊಬೈಲಿನಲ್ಲಿ ಹಾಗೆಯೇ ಉಳಿದಿದ್ದವು. ಬಹುಶಃ ಅಲ್ಲಿಯೂ ‘ಏಣಿ’, ‘ಬಲ್ಬು’ ಅಂತಲೇ ಇರಬೇಕು. ನಾಲ್ಕನೇ ದಿನ ಇಬ್ಬರು ಹುಡುಗರು ಬಂದರು. ಒಬ್ಬ ಹತ್ತಿದ, ಇನ್ನೊಬ್ಬ ತೋಡಿಗೆ ಬೀಳದ ಹಾಗೆ ಏಣಿ ಹಿಡಿದ. ನಾನು ಮಜ್ಜಿಗೆ ಕೊಟ್ಟೆ. ಸಂಜೆ ಲೈಟು ಬಂತು. ಹಳೆಯದಕ್ಕಿಂತ ಜೋರು ಬೆಳಕು, ತೋಡಿನೊಳಗಿನ ಪ್ಲಾಸ್ಟಿಕ್ ಬಾಟಲಿಗಳೂ ಎಣಿಸಲಿಕ್ಕೆ ಸಿಗುತ್ತವೆ.

ಮರುದಿನ ಮಧ್ಯಾಹ್ನ ಬಟ್ಟೆ ಒಣಗಿಸಲಿಕ್ಕೆ ಹೋದಾಗ ನೋಡುತ್ತೇನೆ, ಸುಡುವ ಬಿಸಿಲಲ್ಲಿ ಲೈಟು ಉರಿಯುತ್ತಿದೆ. ಅದರ ಮರುದಿನವೂ ಉರಿಯಿತು. ಮಾಸ್ಟ್ರು ಗೇಟಿಗೆ ಬಂದು, “ಆರಿಸಲಿಕ್ಕೆ ಈಗ ಯಾರಿಗೆ ಹೇಳುವುದು ಮಾರಾಯ್ರೆ?” ಅಂದರು. ಕ್ಯಾಲೆಂಡರಿನಲ್ಲಿ ಇನ್ನು ಬರೆಯಲಿಕ್ಕೆ ಜಾಗ ಇಲ್ಲ ಅಂತಲೂ ಹೇಳಿದರು. ನಾನು ಮೊಬೈಲ್ ತೆಗೆದೆ. ಹೆಸರಿನ ಹಿಂದೆ ‘ಮಾಜಿ’ ಅಂತ ಸೇರಿಸಬೇಕು ಅಂದುಕೊಂಡಿದ್ದವಳು, ಹಾಗೆಯೇ ಒತ್ತಿದೆ.

“ಎಂತ ಅಕ್ಕ, ಪುನಃ ಹೋಯ್ತಾ?”

“ಇಲ್ಲ, ಹೋಗುವುದೇ ಇಲ್ಲ.”