ಎಂಜಿನ್ ಬೋರ್ ಮಾಡಿಸಿದ ಹಳೇ ಟರ್ಬೊ ಕಾರಿನ ಮೊದಲ ದೂರ ಪ್ರಯಾಣ

"ಎಂಜಿನ್ ಕೆಲಸ ಆಯ್ತಲ್ಲ ಸಾರ್, ಒಂದ್ಸಲ ಮಂಗಳೂರಿಗೆ ಹೋಗಿ ಬನ್ನಿ, ಎಂಜಿನ್ ಫ್ರೀ ಆಗುತ್ತೆ." ಹಳೇ ಸ್ವಿಫ್ಟ್ ಡಿಡಿಐಎಸ್, ವಿಸ್ಟಾ ಕ್ವಾಡ್ರಾಜೆಟ್, ಪುಂಟೊ ಮಲ್ಟಿಜೆಟ್ ಇಟ್ಟುಕೊಂಡವರಿಗೆ ಗ್ಯಾರೇಜುಗಳಲ್ಲಿ ಸಿಗುವ ಈ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಮೂರರಲ್ಲೂ ಇರುವುದು ಫಿಯೆಟ್‌ನ ಅದೇ 1248 ಸಿಸಿ ಡೀಸೆಲ್ ಎಂಜಿನ್. ಮಾರುತಿ 2020ರಲ್ಲಿ ಡೀಸೆಲ್ ಕಾರು ನಿಲ್ಲಿಸಿದ ಮೇಲೆ ಇಂಥ ಗಾಡಿಗಳನ್ನು ಬೋರ್ ಮಾಡಿಸಿ (ಸವೆದ ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ ಹಾಕಿಸಿ) ಉಳಿಸಿಕೊಳ್ಳುವವರು ಸುತ್ತಲೂ ಇದ್ದಾರೆ. ಉಳಿಸಿಕೊಳ್ಳಲಿ, ಎಂಜಿನ್ ಅದಕ್ಕೆ ಯೋಗ್ಯವಾಗಿಯೇ ಇದೆ. ಆದರೆ ದೂರ ಪ್ರಯಾಣ ಎಂಜಿನ್ ಪಳಗಿಸುವ ದಾರಿಯಲ್ಲ. ಪಳಗಿದ ಮೇಲೆ ಹೋಗಬೇಕಾದದ್ದು.

ಮೊದಲು ಟರ್ಬೊ, ಅಂದರೆ ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಪಂಪಿನ ವಿಷಯ. ಪಿಸ್ಟನ್, ರಿಂಗ್, ಕನ್‌ರಾಡ್ ಬೇರಿಂಗ್ ಎಲ್ಲ ಹೊಸದು ಹಾಕಿ, ಟರ್ಬೊ ಮಾತ್ರ ಒರೆಸಿ ಹಾಗೇ ಕೂರಿಸುವುದು ತೀರಾ ಸಾಮಾನ್ಯ. ಅದರ ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು, ಆಗ ಅದನ್ನು ಹಿಡಿದಿರುವುದು ತೆಳುವಾದ ಆಯಿಲ್ ಪದರ ಮಾತ್ರ. ಆ ಆಯಿಲ್ ತರುವ ಸಣ್ಣ ಪೈಪಿನಲ್ಲಿ, ಅದನ್ನು ಬಿಗಿಯುವ ಟೊಳ್ಳು ಬೋಲ್ಟಿನ (ಬ್ಯಾಂಜೊ ಬೋಲ್ಟ್) ತೂತಿನಲ್ಲಿ ವರ್ಷಗಟ್ಟಲೆ ಸುಟ್ಟ ಆಯಿಲ್ ಗಟ್ಟಿಯಾಗಿ ಕೂತಿರುತ್ತದೆ. ತೊಳೆದರೆ ಪೂರ್ತಿ ಹೋಗುವುದಿಲ್ಲ, ಪೈಪನ್ನೇ ಬದಲಿಸಿ. ಆಯಿಲ್ ವಾಪಸ್ ಇಳಿಯುವ ಪೈಪೂ ತೆರೆದಿರಬೇಕು. ಇಲ್ಲದಿದ್ದರೆ ಸೀಲ್ ಚೆನ್ನಾಗಿದ್ದರೂ ಆಯಿಲ್ ಇನ್‌ಟೇಕ್ ಕಡೆಗೆ ನುಗ್ಗುತ್ತದೆ. ಶಾಫ್ಟನ್ನು ಬೆರಳಲ್ಲಿ ಹಿಡಿದು ನೋಡಿ: ಅಡ್ಡಕ್ಕೆ ತುಸು ಅಲುಗಿದರೆ ಅದು ಸಹಜ, ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾದರೆ ಅಥವಾ ಚಕ್ರ ಹೌಸಿಂಗ್‌ಗೆ ತಾಗಿದ ಗೀರು ಕಂಡರೆ ಕೋರ್ (ಶಾಫ್ಟ್, ಚಕ್ರ, ಬೇರಿಂಗ್ ಇರುವ ಟರ್ಬೊದ ನಡುಭಾಗ) ಬದಲಿಸಬೇಕು.

ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಇರುವ ಮಾದರಿಯಾದರೆ ಅದನ್ನು ಬಿಚ್ಚಿ ತೊಳೆಸಿದ್ದಾರಾ ಎಂದು ಬಾಯಿಬಿಟ್ಟು ಕೇಳಿ. ಹಿಂದೆ ಟರ್ಬೊ ಆಯಿಲ್ ಎಸೆದಿದ್ದರೆ ಅದೆಲ್ಲ ಅಲ್ಲೇ ತುಂಬಿರುತ್ತದೆ. ಹೈವೇಯಲ್ಲಿ ಜೋರಾಗಿ ಎಳೆಸಿದಾಗ ಒಮ್ಮೆಲೇ ಒಳಗೆ ಹೋದರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ಹುಚ್ಚಾಪಟ್ಟೆ ಏರುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಹಾಗಾದರೆ ಗಾಡಿ ನಿಲ್ಲಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಐದನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟುಬಿಡಿ. ಸಾಮಾನ್ಯವಾಗಿ ನಿಲ್ಲುತ್ತದೆ.

ಇನ್ನೊಂದು, ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಕೂರಿಸುವಾಗ ಬಳಿಯುವ ಸಿಲಿಕೋನ್. ಹೆಚ್ಚಾಗಿ ಬಳಿದರೆ ಒಳಗೆ ಉಬ್ಬಿದ ಭಾಗ ಕಿತ್ತು ಆಯಿಲ್ ಸ್ಟ್ರೈನರ್‌ಗೆ ಅಡ್ಡ ಕೂರುತ್ತದೆ. ಮೊದಲು ಸಾಯುವುದು ಟರ್ಬೊ, ಆಮೇಲೆ ಕನ್‌ರಾಡ್ ಬೇರಿಂಗ್. ಮೊದಲ ಸ್ಟಾರ್ಟ್‌ಗೆ ಮುಂಚೆ ಟರ್ಬೊ ತೂತಿಗೆ ಆಯಿಲ್ ಹುಯ್ದು, ಇಂಜೆಕ್ಟರ್ ಕನೆಕ್ಟರ್ ತೆಗೆದು, ಆಯಿಲ್ ಲೈಟ್ ಆರುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದು ಕ್ರ್ಯಾಂಕ್ ಮಾಡಬೇಕು. ಈ ಹೊತ್ತಿಗೆ ನೀವು ಗ್ಯಾರೇಜಿನಲ್ಲಿ ಇದ್ದರೆ ಒಳ್ಳೆಯದು.

ರನ್ನಿಂಗ್ ಇನ್, ಅಂದರೆ ಹೊಸ ಭಾಗಗಳನ್ನು ಪಳಗಿಸುವ ಓಟ, ಮೆಲ್ಲಗೆ ಓಡಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಪಿಸ್ಟನ್ ರಿಂಗ್ ಬೋರಿಗೆ, ಅಂದರೆ ಸಿಲಿಂಡರ್ ಗೋಡೆಗೆ, ಕೂರಬೇಕಾದರೆ ಹಿಂದಿನಿಂದ ಗ್ಯಾಸಿನ ಒತ್ತಡ ಬೀಳಬೇಕು, ಅದಕ್ಕೆ ಎಂಜಿನ್‌ಗೆ ಲೋಡ್ ಬೇಕು. ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟರೆ ಆ ಗೋಡೆಯಲ್ಲಿ ಕೊರೆದ ಸಣ್ಣ ಹೋನಿಂಗ್ ಗೆರೆಗಳ ಮೇಲೆ ಮೆರುಗು ಕಟ್ಟಿ, ಆ ಎಂಜಿನ್ ಕೊನೆತನಕ ಆಯಿಲ್ ಕುಡಿಯುತ್ತದೆ. ಮೊದಲ ಸಾವಿರ ಕಿ.ಮೀ. 1500ರಿಂದ 3000 ಆರ್‌ಪಿಎಂ ನಡುವೆ ಏರಿಸುತ್ತಾ ಇಳಿಸುತ್ತಾ ಓಡಿಸಿ. ತುಮಕೂರು ರಸ್ತೆಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವುದೂ ಬೇಡ, ಟಾಪ್ ಗೇರಿನಲ್ಲಿ ಗೊರಗುಟ್ಟಿಸುವುದೂ ಬೇಡ. 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಿಸಿ, ಹಳೇ ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ ನೋಡಿ. ಸಣ್ಣ ಬೂದು ಪುಡಿ ಇದ್ದರೆ ಚಿಂತೆಯಿಲ್ಲ. ಅಯಸ್ಕಾಂತಕ್ಕೆ ಅಂಟದ ಹೊಳೆಯುವ ಚಕ್ಕೆ ಇದ್ದರೆ ಬೇರಿಂಗ್ ಉದುರುತ್ತಿರಬಹುದು, ಪ್ರಯಾಣ ರದ್ದು. 1500ಕ್ಕೆ ಇನ್ನೊಮ್ಮೆ ಬದಲಿಸಿ, ಆಮೇಲೆ ಹೊರಡಿ.

ಬೆಂಗಳೂರು–ಮಂಗಳೂರು ದಾರಿ, ಸುಮಾರು 350 ಕಿ.ಮೀ., ಈ ಕಾರಿಗೆ ಒಳ್ಳೆಯ ಪರೀಕ್ಷೆ. ಕುಣಿಗಲ್‌ನಲ್ಲಿ ಒಮ್ಮೆ ಬಾನೆಟ್ ಎತ್ತಿ ಹೋಸ್, ಕ್ಲಾಂಪ್, ಆಯಿಲ್ ಜಿನುಗು ನೋಡಿ. ಹಾಸನದಲ್ಲಿ ಹತ್ತು ನಿಮಿಷ ತಣಿಸಿ ಆಯಿಲ್ ಮಟ್ಟ ನೋಡಿ. ಕೂಲಂಟ್ ಬಾಟಲಿಯಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ಹಳೇ ಹೆಡ್ ಬೋಲ್ಟನ್ನೇ ಮತ್ತೆ ಬಿಗಿದಿದ್ದರೆ ಹೀಗಾಗುವ ಸಾಧ್ಯತೆ ಹೆಚ್ಚು. 80–90ರ ವೇಗ ಸಾಕು. ಹೋಗುವಾಗ ಶಿರಾಡಿ ಇಳಿಜಾರು, ಎಂಜಿನ್‌ಗೆ ಕಷ್ಟವಿಲ್ಲ. ನಿಜವಾದ ಪರೀಕ್ಷೆ ವಾಪಸ್ ಬರುವಾಗ, ಗುಂಡ್ಯದಿಂದ ಸಕಲೇಶಪುರದ ಏರಿನಲ್ಲಿ. 75 ಎಚ್‌ಪಿ ಮಾದರಿಯ ಟರ್ಬೊ 2000 ಆರ್‌ಪಿಎಂ ಹತ್ತಿರ ಬಂದ ಮೇಲೆಯೇ ಚೆನ್ನಾಗಿ ಎಳೆಯುತ್ತದೆ. ಲಾರಿಯ ಹಿಂದೆ ಮೂರನೇ ಗೇರಿನಲ್ಲಿ 1400ಕ್ಕೆ ಇಳಿಸಿ ಆಕ್ಸಲರೇಟರ್ ಪೂರ್ತಿ ಒತ್ತಿದರೆ ಕಪ್ಪು ಹೊಗೆ, ಬಿಸಿ ಎರಡೂ ಏರುತ್ತವೆ. ಎರಡಕ್ಕೆ ಇಳಿಸಿ 2200–2500ರಲ್ಲಿ ಹತ್ತಿಸಿ. ಮೇಲೆ ಕಾಫಿಗೆ ನಿಲ್ಲಿಸಿದರೆ ಒಂದೆರಡು ನಿಮಿಷ ಐಡಲ್‌ನಲ್ಲಿಟ್ಟೇ ಆಫ್ ಮಾಡಿ.

ಜೊತೆಗೆ ಅದೇ ಗ್ರೇಡಿನ ಒಂದು ಲೀಟರ್ ಆಯಿಲ್, ಎರಡು ಲೀಟರ್ ಕೂಲಂಟ್, ಎರಡು ಹೋಸ್ ಕ್ಲಾಂಪ್, ಫ್ಯಾನ್ ಬೆಲ್ಟ್, ಫ್ಯೂಸ್, 10 ಮತ್ತು 13ರ ಸ್ಪ್ಯಾನರ್, ಟಾರ್ಚ್ ಇರಲಿ. ಎಳೆತ ಕಡಿಮೆಯಾಗಿ ಸಿಳ್ಳೆ ಸದ್ದು, ಕಪ್ಪು ಹೊಗೆ ಬಂದರೆ ಬಹುತೇಕ ಟರ್ಬೊ ಹೋಸ್ ಕಳಚಿರುತ್ತದೆ, ಅಲ್ಲೇ ಬಿಗಿದುಕೊಳ್ಳಬಹುದು. ಎಳೆಯುವಾಗ ಎಡೆಬಿಡದೆ ನೀಲಿ ಹೊಗೆ ಬಂದರೆ ರಿಂಗ್ ಕೂತಿಲ್ಲದಿರುವ ಸಾಧ್ಯತೆ ಹೆಚ್ಚು. ಬಹಳ ಹೊತ್ತು ಐಡಲ್‌ನಲ್ಲಿಟ್ಟು ಹೊರಟಾಗ ಮಾತ್ರ ಬಂದರೆ ಟರ್ಬೊ ಸೀಲ್ ಅಥವಾ ವಾಲ್ವ್ ಸೀಲ್ ನೋಡಿಸಿ.

ಮನೆಗೆ ಬಂದ ಮರುದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಡಿಪ್‌ಸ್ಟಿಕ್ ತೆಗೆಯಿರಿ. ಇನ್ನೂರು ಎಂಎಲ್‌ನಷ್ಟು ಇಳಿದಿದ್ದರೆ ತುಂಬಿಸಿ, ಗಮನಿಸುತ್ತಾ ಹೋಗಿ. ಅರ್ಧ ಲೀಟರಿಗಿಂತ ಹೆಚ್ಚು ಇಳಿದಿದ್ದರೆ ಇಂಟರ್‌ಕೂಲರ್ ಹೋಸ್ ಬಿಚ್ಚಿ ಒಳಗೆ ಆಯಿಲ್ ನಿಂತಿದೆಯಾ ನೋಡಿ, ಬಿಲ್ ತೆಗೆದುಕೊಂಡು ಬೋರ್ ಮಾಡಿಸಿದಲ್ಲಿಗೇ ಹೋಗಿ. ಮಟ್ಟ ಏರಿ, ಡೀಸೆಲ್ ವಾಸನೆ ಬಂದರೆ ಯಾವುದಾದರೂ ಇಂಜೆಕ್ಟರ್ ಸೋರುತ್ತಿರಬಹುದು. ತೆಳುವಾದ ಆ ಆಯಿಲ್‌ನಲ್ಲಿ ಇನ್ನೊಂದು ಸುತ್ತು ಕೂಡ ಓಡಿಸಬೇಡಿ.