ಅಡಗಿಸಿದ ಸ್ಲೈಡ್ ಅಳಿಸಿದ ಸ್ಲೈಡ್ ಅಲ್ಲ

ಬೆಳಗಿನ ಸಭೆ ಮುಗಿದು ಮೂರು ಗಂಟೆ ಕಳೆದರೂ ನನ್ನ ಕಿರಿಕಿರಿ ಇಳಿದಿಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ಅದು ಅರ್ಧ ಗಂಟೆಯ ಸಭೆ. ಮಾತನಾಡಬೇಕಿದ್ದವರು ಯುವಕರೊಬ್ಬರು, ವಿಷಯವನ್ನು ಚೆನ್ನಾಗಿ ಬಲ್ಲವರು, ಶ್ರದ್ಧೆಯಿಂದ ತಯಾರಿ ಮಾಡಿಕೊಂಡು ಬಂದವರು. ಆದರೆ ಅವರ ಫೈಲ್‌ನಲ್ಲಿ 36 ಸ್ಲೈಡ್‌ಗಳಿದ್ದವು, ಅವರು ಹೇಳಬೇಕಾದದ್ದು ಇದ್ದದ್ದು 19ರಲ್ಲಿ ಮಾತ್ರ. ಉಳಿದ 17 ಎದುರಾದಾಗಲೆಲ್ಲ ಅವರು “ಇದು ಬೇಡ”, “ಇದೂ ಈಗ ಬೇಡ”, “ಇದು ಹಳೆಯದು, ಮುಂದೆ ಹೋಗೋಣ” ಎನ್ನುತ್ತ ಬಾಣದ ಕೀಯನ್ನು ಒತ್ತುತ್ತಲೇ ಇದ್ದರು. ಪರದೆಯ ಮೇಲೆ ಕೋಷ್ಟಕವೊಂದು ಮೂಡುತ್ತಿತ್ತು, ನಾವು ಅದರ ತಲೆಬರಹವನ್ನು ಓದಿ ಮುಗಿಸುವ ಮೊದಲೇ ಮಾಯವಾಗುತ್ತಿತ್ತು. 12ನೆಯ ಸ್ಲೈಡ್ ಹೀಗೆ ಹಾದುಹೋಗುವಾಗ ಅದರಲ್ಲಿದ್ದ ಒಂದು ಕೆಂಪು ಅಂಕಿ ಹಿರಿಯರೊಬ್ಬರ ಕಣ್ಣಿಗೆ ಬಿತ್ತು. “ಸ್ವಲ್ಪ ಹಿಂದಕ್ಕೆ ಹೋಗಿ, ಅದೇನದು?” ಎಂದರು. ಯಾರಿಗೂ ಬೇಡವಾಗಿದ್ದ ಆ ಅಂಕಿಯ ವಿವರಣೆಗೆ ಎಂಟು ನಿಮಿಷ ಹಿಡಿಯಿತು. ನಿಜಕ್ಕೂ ತೀರ್ಮಾನವಾಗಬೇಕಿದ್ದ ವಿಷಯಕ್ಕೆ ಉಳಿದದ್ದು ನಾಲ್ಕು ನಿಮಿಷ.

ನನ್ನ ಕೆಲಸ ನಿಮಗೆಲ್ಲ ಗೊತ್ತು. ದಿನವಿಡೀ ಬೇರೆಯವರ ಪ್ರೆಸೆಂಟೇಶನ್‌ಗಳನ್ನು ಓದುವುದು, ತಿದ್ದುವುದು, ಆಮೇಲೆ ಅವೇ ಪರದೆಯ ಮೇಲೆ ಬಂದಾಗ ಸಭೆಯಲ್ಲಿ ಕುಳಿತು ನೋಡುವುದು. ಅಕ್ಷರ ಸಣ್ಣದಾಗಿದ್ದರೆ ಸಹಿಸುತ್ತೇನೆ, ಬಣ್ಣ ಕಣ್ಣಿಗೆ ರಾಚಿದರೆ ಅದನ್ನೂ ಸಹಿಸುತ್ತೇನೆ. ಬೇಡವೆಂದು ತಮಗೇ ಗೊತ್ತಿರುವ ಸ್ಲೈಡನ್ನು ತೆಗೆಯದೆ ಕೇಳುಗರ ಮುಂದೆ ತರುವುದನ್ನು ಮಾತ್ರ ನನ್ನಿಂದ ಸಹಿಸಲಾಗದು. ಏಕೆಂದರೆ ಇದರಲ್ಲಿ ತಿಳಿವಳಿಕೆಯ ಕೊರತೆ ಇಲ್ಲ. ಬೇಡ ಎಂಬ ತೀರ್ಮಾನವನ್ನು ಅವರು ಆಗಲೇ ಮಾಡಿಯಾಗಿರುತ್ತದೆ. ಅದನ್ನು ಜಾರಿಗೆ ತರುವ ಶ್ರಮವನ್ನು ಮಾತ್ರ ಎದುರು ಕುಳಿತವರ ಮೇಲೆ ಹೊರಿಸುತ್ತಾರೆ.

ಆ ಶ್ರಮವಾದರೂ ಎಷ್ಟು? ಪವರ್‌ಪಾಯಿಂಟ್ ತಂತ್ರಾಂಶದಲ್ಲಿ ಎಡಭಾಗದ ಪಟ್ಟಿಯಲ್ಲಿ ಸಾಲಾಗಿ ಕಾಣುವ ಪುಟ್ಟ ಚಿತ್ರಗಳಲ್ಲಿ ಬೇಡದ್ದರ ಮೇಲೆ ಒಮ್ಮೆ ಕ್ಲಿಕ್ ಮಾಡಿ ಡಿಲೀಟ್ ಕೀ ಒತ್ತಿದರೆ ಆ ಸ್ಲೈಡ್ ಹೋಗುತ್ತದೆ. ಅನೇಕರು ಎಡವುವುದು ಇಲ್ಲಿಯೇ: ನಡುವೆ ದೊಡ್ಡದಾಗಿ ಕಾಣುವ ಸ್ಲೈಡ್‌ನೊಳಗೆ ಕ್ಲಿಕ್ ಮಾಡಿ ಡಿಲೀಟ್ ಒತ್ತುತ್ತಾರೆ, ಆಗ ಅಳಿಯುವುದು ಅದರೊಳಗಿನ ಒಂದು ಚಿತ್ರವೋ ಬರಹದ ಚೌಕವೋ ಹೊರತು ಸ್ಲೈಡ್ ಅಲ್ಲ, ಎರಡು ಬಾರಿ ಹಾಗಾದ ಮೇಲೆ ಕೈಬಿಡುತ್ತಾರೆ. ಬಿಡಿಬಿಡಿಯಾಗಿ ಹಲವನ್ನು ತೆಗೆಯಬೇಕಿದ್ದರೆ ಕಂಟ್ರೋಲ್ ಕೀ ಹಿಡಿದುಕೊಂಡು ಒಂದೊಂದರ ಮೇಲೂ ಕ್ಲಿಕ್ ಮಾಡಬೇಕು; ಸಾಲಾಗಿ ಇದ್ದರೆ ಮೊದಲನೆಯದರ ಮೇಲೆ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಕೊನೆಯದರ ಮೇಲೆ ಕ್ಲಿಕ್ ಮಾಡಿದರೆ ಸಾಕು. ಸ್ಲೈಡ್‌ಗಳು ಬಹಳವಿದ್ದಾಗ ನಾನು ‘ಸ್ಲೈಡ್ ಸಾರ್ಟರ್’ ನೋಟಕ್ಕೆ ಹೋಗುತ್ತೇನೆ. ಇಡೀ ಫೈಲ್ ಮೇಜಿನ ಮೇಲೆ ಹರಡಿದ ಹಾಗೆ ಕಾಣುವುದರಿಂದ ಯಾವುದು ಎರಡು ಬಾರಿ ಬಂದಿದೆ, ಯಾವುದು ಬೇರೆ ಪ್ರೆಸೆಂಟೇಶನ್‌ನಿಂದ ಬಂದು ಸೇರಿಕೊಂಡಿದೆ ಎಂಬುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ತಪ್ಪಿ ಬೇಕಾದದ್ದನ್ನೇ ಅಳಿಸಿದರೆ ಕಂಟ್ರೋಲ್ ಮತ್ತು ಝಡ್ ಒತ್ತಿ ಹಿಂದಕ್ಕೆ ತರಬಹುದು. ಭಾಗಗಳಾಗಿ ವಿಂಗಡಿಸಿದ ಫೈಲ್ ಆದರೆ ಒಂದು ಎಚ್ಚರಿಕೆ ಬೇಕು: ‘ರಿಮೂವ್ ಸೆಕ್ಷನ್’ ಎಂದರೆ ಭಾಗದ ಹೆಸರು ಮಾತ್ರ ಹೋಗಿ ಸ್ಲೈಡ್‌ಗಳು ಹಾಗೆಯೇ ಉಳಿಯುತ್ತವೆ, ಅವೂ ಹೋಗಬೇಕಿದ್ದರೆ ‘ರಿಮೂವ್ ಸೆಕ್ಷನ್ ಆ್ಯಂಡ್ ಸ್ಲೈಡ್ಸ್’ ಎಂಬುದನ್ನೇ ಆರಿಸಬೇಕು. ಇಷ್ಟೇ. ಐದು ನಿಮಿಷವೂ ಬೇಡದ ಈ ಕೆಲಸವನ್ನು ಮಾಡದ್ದಕ್ಕೆ ಹನ್ನೊಂದು ಜನರ ಅರ್ಧ ಗಂಟೆ ಹೋಯಿತು.

ನನ್ನ ಸಿಟ್ಟು ಹೆಚ್ಚಿದ್ದು ಇದಾದ ನಂತರ. ಸಭೆ ಮುಗಿದ ಮೇಲೆ ಫೈಲ್ ಎಲ್ಲರಿಗೂ ಕಳುಹಿಸುವ ಮೊದಲು ನನಗೊಮ್ಮೆ ತೋರಿಸಿ, ಬೇಡದ ಸ್ಲೈಡ್‌ಗಳನ್ನು ತೆಗೆದುಹಾಕಿ ಎಂದು ಅವರಿಗೆ ಹೇಳಿದ್ದೆ. ಹತ್ತು ನಿಮಿಷದಲ್ಲಿ ಫೈಲ್ ಬಂತು. ತೆರೆದು ನೋಡಿದರೆ 36 ಸ್ಲೈಡ್‌ಗಳೂ ಅಲ್ಲೇ ಇದ್ದವು. 17 ಮಸುಕಾಗಿದ್ದವು, ಅವುಗಳ ಸಂಖ್ಯೆಯ ಮೇಲೆ ಒಂದು ಓರೆ ಗೆರೆ ಎಳೆದಿತ್ತು. ಅವುಗಳಲ್ಲಿ ಒಂದರಲ್ಲಿ ಬೇರೊಬ್ಬ ಗ್ರಾಹಕರಿಗೆ ಸಿದ್ಧಪಡಿಸಿದ್ದ ದರದ ಅಂದಾಜು ಪೂರ್ತಿಯಾಗಿ ಇತ್ತು. ಕೂಡಲೇ ಫೋನ್ ಮಾಡಿದೆ. “ಹೈಡ್ ಮಾಡಿದ್ದೇನಲ್ಲ ಮೇಡಂ” ಎಂದರು.

ಹೈಡ್ ಮಾಡುವುದೆಂದರೆ ಅಡಗಿಸುವುದು. ಪ್ರದರ್ಶನ ನಡೆಯುವಾಗ ಆ ಸ್ಲೈಡ್ ಬಾರದಂತೆ ದಾಟಿಸುವುದಷ್ಟೇ ಅದರ ಕೆಲಸ. ಫೈಲ್‌ನಲ್ಲಿ ಸ್ಲೈಡ್ ಇದ್ದಲ್ಲೇ ಇರುತ್ತದೆ, ಅದರ ಕೆಳಗೆ ಬರೆದುಕೊಂಡ ಟಿಪ್ಪಣಿಯೂ ಇರುತ್ತದೆ, ಫೈಲ್ ತೆರೆದ ಯಾರೇ ಆದರೂ ಅದನ್ನು ಓದಬಹುದು. ಪ್ರದರ್ಶನದ ನಡುವೆಯೇ ಅದರ ಸಂಖ್ಯೆಯನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಪರದೆಯ ಮೇಲೆ ಬಂದು ನಿಲ್ಲುತ್ತದೆ. ಮುದ್ರಿಸುವಾಗ ಅಡಗಿಸಿದ ಸ್ಲೈಡ್‌ಗಳನ್ನು ಬಿಡುವ ಆಯ್ಕೆಯನ್ನು ನೋಡಿಕೊಳ್ಳದಿದ್ದರೆ ಕಾಗದದ ಮೇಲೂ ಬಂದುಬಿಡುತ್ತದೆ. ಪವರ್‌ಪಾಯಿಂಟ್‌ನಂಥವೇ ಆದ ಗೂಗಲ್ ಸ್ಲೈಡ್ಸ್ ಮತ್ತು ಕೀನೋಟ್ ತಂತ್ರಾಂಶಗಳಲ್ಲಿ ಇದೇ ಸೌಲಭ್ಯಕ್ಕೆ ‘ಸ್ಕಿಪ್’ ಎಂದು ಹೆಸರು. ನನ್ನ ಮಟ್ಟಿಗೆ ಅದೇ ಸರಿಯಾದ ಹೆಸರು, ಏಕೆಂದರೆ ದಾಟಿಹೋದದ್ದು ಹಿಂದೆ ಉಳಿದಿರುತ್ತದೆ ಎಂಬುದು ಆ ಮಾತಿನಲ್ಲೇ ಇದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈವರೆಗೆ ಯಾರಿಗೂ ಹೇಳಿರಲಿಲ್ಲ, ಇಂದು ಹೇಳಿಬಿಡುತ್ತೇನೆ. ಹಿಂದಿನ ಕೆಲಸದಲ್ಲಿದ್ದಾಗ, ತಂಡದವರ ವರ್ಷದ ಕೆಲಸದ ಬಗ್ಗೆ ಮೇಲಿನವರಿಗಾಗಿ ಒಂದು ಪ್ರೆಸೆಂಟೇಶನ್ ಮಾಡಿದ್ದೆ. ಅದರ ಒಂದು ಸ್ಲೈಡ್‌ನಲ್ಲಿ ಸಹೋದ್ಯೋಗಿಯೊಬ್ಬರ ಹೆಸರಿನ ಮುಂದೆ ‘ಹೊಸ ಜವಾಬ್ದಾರಿಗೆ ಇನ್ನೂ ಸಿದ್ಧರಿಲ್ಲ’ ಎಂದು ಬರೆದಿದ್ದೆ. ಅದೇ ಫೈಲನ್ನು ತಂಡಕ್ಕೆ ಕಳುಹಿಸುವಾಗ ಆ ಸ್ಲೈಡನ್ನು ಹೈಡ್ ಮಾಡಿ, ಕೆಲಸ ಮುಗಿಯಿತೆಂದುಕೊಂಡೆ. ಮರುದಿನ ಅವರು ನನ್ನ ಮೇಜಿನ ಬಳಿಗೆ ಬಂದು “ನನಗೇ ನೇರವಾಗಿ ಹೇಳಬಹುದಿತ್ತಲ್ಲ” ಎಂದರು. ದನಿ ಏರಿಸಲಿಲ್ಲ. ನಾನು ಕ್ಷಮೆ ಕೇಳಿದೆ, ಅವರು ತಲೆಯಾಡಿಸಿದರು. ಆಮೇಲೆ ಎರಡು ವರ್ಷ ಜೊತೆಯಲ್ಲೇ ದುಡಿದರೂ ನಮ್ಮ ನಡುವಿನ ಮಾತು ಮೊದಲಿನಂತಾಗಲಿಲ್ಲ. ಮೌಸ್‌ನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ‘ಹೈಡ್ ಸ್ಲೈಡ್’ ಕಾಣುವಾಗಲೆಲ್ಲ ಇಂದಿಗೂ ಅವರ ಮುಖ ನೆನಪಾಗುತ್ತದೆ.

“ಯಾರಾದರೂ ಪ್ರಶ್ನೆ ಕೇಳಿದರೆ ಬೇಕಾಗುತ್ತದೆ, ಅದಕ್ಕೆ ಇಟ್ಟುಕೊಂಡಿದ್ದೇನೆ” ಎಂಬ ಸಮರ್ಥನೆ ನನಗೆ ಹೊಸದಲ್ಲ. ಈ ಯುವಕರೂ ಅದನ್ನೇ ಹೇಳಿದರು. ಅದರಲ್ಲಿ ಸ್ವಲ್ಪ ನ್ಯಾಯವಿದೆ ಎಂದು ಒಪ್ಪುತ್ತೇನೆ: ಲೆಕ್ಕದ ವಿವರವೊಂದನ್ನು ಕೇಳಿಯಾರು ಎಂದು ಗೊತ್ತಿದ್ದು, ಅದನ್ನು ಕೊನೆಯ ಸ್ಲೈಡ್‌ನ ಆಚೆಗೆ ಇಟ್ಟುಕೊಂಡರೆ ತಪ್ಪಿಲ್ಲ. ಆದರೆ ಕೇಳಬಹುದಾದ ಪ್ರಶ್ನೆ ಒಂದೋ ಎರಡೋ ಇರುತ್ತದೆ, ಹದಿನೇಳು ಇರುವುದಿಲ್ಲ. ಹಾಗೆ ಇಟ್ಟುಕೊಳ್ಳುವುದು ನಮ್ಮ ಫೈಲ್‌ನಲ್ಲಿ. ಬೇರೆಯವರಿಗೆ ಹೋಗುವ ಪ್ರತಿಯಲ್ಲಿ ಅದಕ್ಕೆ ಜಾಗವಿಲ್ಲ. ಕಳೆದುಹೋದೀತೆಂಬ ಭಯವಿದ್ದರೆ ಮೊದಲು ‘ಸೇವ್ ಆ್ಯಸ್’ ಮಾಡಿ ಬೇರೆ ಹೆಸರಿನ ಪ್ರತಿಯನ್ನು ಮಾಡಿಕೊಂಡು, ಆ ಪ್ರತಿಯಿಂದ ನಿರ್ಭಯವಾಗಿ ಅಳಿಸಬಹುದು. ಮೂಲದಲ್ಲಿ ಎಲ್ಲವೂ ಹಾಗೆಯೇ ಇರುತ್ತದೆ. ಇಷ್ಟು ಸುಲಭದ ದಾರಿ ಇರುವಾಗ ಈ ಸಮರ್ಥನೆ ನಿಲ್ಲುವುದಿಲ್ಲ. ನಿಜವಾದ ಕಾರಣ ಬೇರೆ ಎಂದು ನನಗನಿಸುತ್ತದೆ: ರಾತ್ರಿ ಹನ್ನೊಂದರವರೆಗೆ ಕುಳಿತು ಮಾಡಿದ ಕೋಷ್ಟಕವನ್ನು ಅಳಿಸಲು ಮನಸ್ಸು ಬರುವುದಿಲ್ಲ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅದು ಕೇಳುಗರ ಹೊಣೆಯಲ್ಲ.

ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನ್ನಿಸ್ ಆಸ್ಟಿನ್ ರೂಪಿಸಿದ ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ಮೊದಲು ಬಂದಾಗ ಅದರಿಂದ ತಯಾರಾಗುತ್ತಿದ್ದದ್ದು ಓವರ್‌ಹೆಡ್ ಪ್ರೊಜೆಕ್ಟರಿನ ಗಾಜಿನ ಮೇಲೆ ಇಡುವ ಪಾರದರ್ಶಕ ಹಾಳೆಗಳಿಗೆ ಬೇಕಾದ ಕಪ್ಪು ಬಿಳುಪು ಪುಟಗಳು. ಆ ಹಾಳೆಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಇಡಬೇಕಿತ್ತು. ಬೇಡವಾದ ಹಾಳೆಯನ್ನು ಕಟ್ಟಿನಿಂದ ತೆಗೆದು ಬಿಟ್ಟು ಬಂದರೆ ಅದು ಸಭೆಗೆ ಬರುತ್ತಲೇ ಇರಲಿಲ್ಲ, ಅದನ್ನು ಯಾರೂ ನೋಡುತ್ತಲೂ ಇರಲಿಲ್ಲ. ಈಗ ಸ್ಲೈಡ್‌ಗೆ ತೂಕವಿಲ್ಲ, ಹದಿನೇಳು ಹೆಚ್ಚಿಗೆ ಇದ್ದರೂ ಹೊತ್ತವರಿಗೆ ಭಾರವಾಗುವುದಿಲ್ಲ. ಆ ಭಾರ ಬೀಳುವುದು ಕೂತು ನೋಡುವವರ ಮೇಲೆ.

ಇದನ್ನೆಲ್ಲ ಆ ಯುವಕರಿಗೆ ಫೋನ್‌ನಲ್ಲೇ ಹೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೇನೋ. ಅವರು ಬೇಸರಿಸಿಕೊಳ್ಳದೆ ಕೇಳಿದರು. ನಾನು ಇಷ್ಟು ಬರೆಯುವಷ್ಟರಲ್ಲಿ ಹೊಸ ಫೈಲ್ ಬಂದಿದೆ. ಎಡಭಾಗದಲ್ಲಿ 19 ಚಿತ್ರಗಳು, ಗೆರೆ ಎಳೆದ ಸಂಖ್ಯೆ ಒಂದೂ ಇಲ್ಲ. ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿದೆ, ಹೇಳಬೇಕಾದದ್ದು ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆಯೆಂದರೆ ಬೆಳಗ್ಗೆ ಇದನ್ನೇ ತೋರಿಸಿದ್ದರೆ ತೀರ್ಮಾನ ಅಲ್ಲೇ ಆಗುತ್ತಿತ್ತು. ಏಳನೆಯ ಸ್ಲೈಡ್‌ನಲ್ಲಿ ಮಾತ್ರ ‘ವಿವರಕ್ಕೆ 23ನೆಯ ಸ್ಲೈಡ್ ನೋಡಿ’ ಎಂಬ ಸಾಲು ಉಳಿದುಕೊಂಡಿದೆ. ಸ್ಲೈಡ್ ಅಳಿಸಿದರೆ ಮೂಲೆಯಲ್ಲಿ ತಾನಾಗಿ ಬರುವ ಸಂಖ್ಯೆ ಬದಲಾಗುತ್ತದೆ, ನಾವು ಕೈಯಾರೆ ಟೈಪ್ ಮಾಡಿದ್ದು ಬದಲಾಗುವುದಿಲ್ಲ. ಅದನ್ನೂ ತೆಗೆದು ಎಲ್ಲರಿಗೂ ಕಳುಹಿಸಿ ಎಂದು ಈಗಷ್ಟೇ ಅವರಿಗೆ ಉತ್ತರ ಬರೆದೆ.