ಬಿಳಿ ವೈನು, ನೀಲಿ ಲುಂಗಿ

ನಾಂತ್‌ನಲ್ಲಿರುವ ತಂಗಿಯ ಮನೆಗೆ ಹೋದ ಸಂಜೆ ಅವಳು ಒಂದು ವೈನ್ ಬಾಟಲಿಯ ಬಿರಡೆ ತೆಗೆದು, ಒಂದು ಗುಟುಕೂ ಕೊಡದೆ, ಹಾಗೇ ಪಕ್ಕಕ್ಕಿಟ್ಟಳು. "ನಾಳೆ ಕುಡಿಯೋಣ ಅಣ್ಣ" ಅಂದಳು. ಫ್ರಾನ್ಸಿಗೆ ಬಂದು ಇವಳಿಗೆ ಜಿಪುಣತನ ಅಂಟಿಕೊಂಡಿತಾ ಅಂದುಕೊಂಡೆ. ಹಾಗಲ್ಲ, ಇದನ್ನು ಮಾಡುವವರೇ ಒಂದು ದಿನ ಮೊದಲು ತೆರೆದಿಡಿ ಅನ್ನುತ್ತಾರೆ. ಗಾಳಿಯಾಡಿದ ಮೇಲೇ ರುಚಿ ಬಿಡುವುದಂತೆ.

ಹೆಸರು ಕುಲೇ ದ ಸೆರಾಂ. ಆಂಜೇ ಊರಿನ ಹತ್ತಿರ ಸಾವೆನಿಯೇರ್ ಅಂತ ಹಳ್ಳಿ, ಕೆಳಗೆ ಲ್ವಾರ್ ನದಿ. ನದಿಗೆ ಇಳಿಯುವ ಕಡಿದಾದ ಗುಡ್ಡದಲ್ಲಿ ಸುಮಾರು 7 ಹೆಕ್ಟೇರ್ ದ್ರಾಕ್ಷಿ, ಅಷ್ಟಕ್ಕೇ ಒಂದು ಹೆಸರು. ಕ್ರೈಸ್ತ ಸನ್ಯಾಸಿಗಳು 1130ರಲ್ಲಿ ಮೊದಲು ಬಳ್ಳಿ ನೆಟ್ಟ ಜಾಗ. ಚಪ್ಪಡಿಯ ಹಾಗೆ ಪದರಪದರ ಕಲ್ಲು, ಅದರ ಮೇಲೆ ತೆಳ್ಳಗೆ ಮಣ್ಣು. ಬಳ್ಳಿ ನೀರಿಗಾಗಿ ಬಿರುಕು ಹುಡುಕಿಕೊಂಡು ಇಳಿಯಬೇಕು, ಹಣ್ಣು ಕಡಿಮೆ ಬಿಡುತ್ತದೆ. ಇಳಿಜಾರಲ್ಲಿ ಕುದುರೆ ಕಟ್ಟಿ ಉಳುತ್ತಾರೆ. ಬ್ಯಾಂಕ್ ಕೆಲಸ ಬಿಟ್ಟು ತೋಟಕ್ಕೆ ಮರಳಿದ ನಿಕೊಲಾ ಜೋಲಿ 1980ರ ದಶಕದಲ್ಲಿ ರಾಸಾಯನಿಕ ಬಿಟ್ಟು ಬಯೋಡೈನಾಮಿಕ್ ಅನ್ನುವ ಒಂದು ಬಗೆಯ ಸಾವಯವ ಕೃಷಿ ಹಿಡಿದರು. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಹೂತಿಟ್ಟು, ಆಮೇಲೆ ತೆಗೆದು, ಒಂದಿಷ್ಟನ್ನು ನೀರಲ್ಲಿ ಒಂದು ಗಂಟೆ ಕದಡಿ ಚಿಮುಕಿಸುವುದು ಆ ಪದ್ಧತಿಯ ಒಂದು ಭಾಗ. ಸಗಣಿಯ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ, ಕೊಂಬಿನ ಮೇಲೆ ಅಷ್ಟಿಲ್ಲ.

ಸಂಜೆ ತಂಗಿಯ ಮನೆ ಸೇರುವ ಮೊದಲು ಆ ಹಳ್ಳಿ ನೋಡಿ ಬಂದಿದ್ದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಹಳ್ಳಿಯ ಇನ್ನೊಂದು ಸಾವಯವ ತೋಟದ ಬೇಲಿ. ಎಲೆಗಳ ಮೇಲೆ ತಿಳಿನೀಲಿ ಚುಕ್ಕೆಗಳು. ಅರೆ, ಇದು ಅಪ್ಪಯ್ಯನ ಲುಂಗಿ ಅಲ್ವಾ!

ಬೋರ್ಡೋ, ಅಡಿಕೆಗೆ ಕೊಳೆರೋಗ ಬರದಿರಲಿ ಅಂತ ಹೊಡೆಯುವ ಔಷಧಿ. ಮಲೆನಾಡಿನ ಅಡಿಕೆ ಮನೆಗಳಲ್ಲಿ ಮೇ ಕೊನೆಗೆ ಎಲ್ಲರ ಬಾಯಲ್ಲೂ ಇರುವ ಪದ. ಬೋರ್ಡೋ ಅನ್ನುವುದು ಫ್ರಾನ್ಸಿನ ಒಂದು ಊರು ಅಂತ ಹೈಸ್ಕೂಲಿಗೆ ಬರುವತನಕ ನನಗೆ ಗೊತ್ತಿರಲಿಲ್ಲ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಅಪ್ಪಯ್ಯ ಕದಡಿ ಮುಗಿಸಿ ಕತ್ತಿಯ ತುದಿ ಅದ್ದುತ್ತಿದ್ದರು. ಎತ್ತಿದಾಗ ಕಬ್ಬಿಣಕ್ಕೆ ಕೆಂಪು ಬಣ್ಣ ಹಿಡಿದಿದ್ದರೆ ಸುಣ್ಣ ಸಾಲದು, ಇನ್ನೊಂದು ಚೊಂಬು ಸುರಿ. ಆಮೇಲೆ ಒಂದು ವಾರ ಬಟ್ಟೆ, ಬಕೆಟ್, ಬಚ್ಚಲು ಎಲ್ಲ ನೀಲಿ.

ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ಬೂಜುರೋಗ ಬರಲಿಲ್ಲ ಅನ್ನುವುದನ್ನು ಮಿಲ್ಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಕೊಳೆರೋಗಕ್ಕೆ ಪ್ರಯೋಗಿಸಿದ್ದು 1910ರ ಆಸುಪಾಸಿನಲ್ಲಿ. ಕಳ್ಳರನ್ನು ಹೆದರಿಸಲು ಬಳಿದದ್ದು ನಮ್ಮ ಅಡಿಕೆ ಗೊನೆಯವರೆಗೂ ಬಂತು, ನೋಡಿ.

ಸಾವಯವದಲ್ಲಿ ಔಷಧಿಯೇ ಇಲ್ಲ ಅಂದುಕೊಂಡಿದ್ದ ನನಗೆ ಇದು ಸ್ವಲ್ಪ ಪೆಟ್ಟೇ. ಮೈಲುತುತ್ತದಲ್ಲಿರುವ ತಾಮ್ರಕ್ಕೆ ಅಲ್ಲಿ ಅನುಮತಿಯಿದೆ, ಲೆಕ್ಕವೂ ಇದೆ: ಹೆಕ್ಟೇರಿಗೆ 7 ವರ್ಷದಲ್ಲಿ 28 ಕೆಜಿ, ಅದಕ್ಕಿಂತ ಜಾಸ್ತಿ ಇಲ್ಲ. ಮಣ್ಣಿಗೆ ಬಿದ್ದ ತಾಮ್ರ ಅಲ್ಲೇ ಕೂರುತ್ತದೆ, ಅದಕ್ಕೇ ಈ ಮಿತಿ. ನಮ್ಮ ತೋಟದಲ್ಲಿ ಯಾರೂ ಲೆಕ್ಕ ಇಟ್ಟಿಲ್ಲ. ಮಳೆ ಬಿಟ್ಟಾಗ ಹೊಡೆಯುವುದು, ತೊಳೆದುಹೋದರೆ ಮತ್ತೆ ಹೊಡೆಯುವುದು, ಅಷ್ಟೇ.

ಮರುದಿನ ಕುಡಿದೆವು. ಬಿಳಿ ವೈನ್ ಅನ್ನುತ್ತಾರೆ, ಬಣ್ಣ ಮಾತ್ರ ಜೇನಿನದು. ಮೂಗಿಗೆ ಸಿಹಿ, ನಾಲಿಗೆಗೆ ಸಿಹಿಯೇ ಇಲ್ಲ, ಹುಳಿ ಗಂಟಲವರೆಗೂ ಬರುತ್ತದೆ. ಕೊನೆಗೆ ಬಿಸಿಲಿಗೆ ಕಾದ ಬಂಡೆಯ ಮೇಲೆ ಮೊದಲ ಹನಿ ಬಿದ್ದಾಗಿನ ವಾಸನೆ. ಕಲ್ಲಿನ ರುಚಿ ವೈನಿಗೆ ಬರುತ್ತದೆ ಅಂತ ಅಲ್ಲಿನವರು ಹೇಳುತ್ತಾರೆ. ನಾನು ಹಿಂದಿನ ದಿನ ಆ ಕಲ್ಲು ನೋಡಿದ್ದೆನಲ್ಲ, ಹಾಗಾಗಿ ನನಗೆ ಬರದೇ ಇರುತ್ತದಾ?

ಅಪ್ಪಯ್ಯನಿಗೆ ಫೋನಲ್ಲಿ ದ್ರಾಕ್ಷಿ ತೋಟದ ಸುದ್ದಿ ಹೇಳಿದೆ, ವೈನಿನ ಸುದ್ದಿ ಎತ್ತಲಿಲ್ಲ. ಅವರು ಎಲ್ಲ ಕೇಳಿ, "ಅಲ್ಲಿ ಕತ್ತಿ ಅದ್ದಿ ನೋಡ್ತಾರೇನು, ಕೇಳಿದ್ಯಾ?" ಅಂದರು.

ಕೇಳಿರಲಿಲ್ಲ.